ಸರ್ವರ್ ಇಲ್ಲದ ಜಪಾನಿ ನಿಘಂಟು

ಬೆಂಗಳೂರಿನಲ್ಲಿ ಜಪಾನಿ ಕಲಿತು ಜೆಎಲ್‌ಪಿಟಿ ಎಂಬ ಭಾಷಾ ಸಾಮರ್ಥ್ಯ ಪರೀಕ್ಷೆ ಬರೆಯುವವರು ಕಡಿಮೆಯೇನಿಲ್ಲ. ಪಠ್ಯಪುಸ್ತಕ ಬದಿಗಿಟ್ಟು ಸುದ್ದಿಯನ್ನೋ ಕಥೆಯನ್ನೋ ಓದಲು ಹೊರಟಾಗ ಮೊದಲು ಎದುರಾಗುವ ತೊಡಕೆಂದರೆ, ಜಪಾನಿಯಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ. ಪದ ಎಲ್ಲಿ ಮುಗಿಯುತ್ತದೆಂದು ತಿಳಿಯದಿದ್ದರೆ ನಿಘಂಟಿನಲ್ಲಿ ಏನನ್ನು ಹುಡುಕುವುದು? ಅದಕ್ಕಾಗಿ ನಾನೊಂದು ಮುಕ್ತ ತಂತ್ರಾಂಶ ಬರೆದೆ. ಪಠ್ಯವನ್ನು ಅಂಟಿಸಿ ಅಕ್ಷರದ ಮೇಲೆ ಬೆರಳಿಟ್ಟರೆ ಪದ, ಉಚ್ಚಾರ, ಅರ್ಥ ಕಾಣಿಸುತ್ತವೆ.

ಒಳಗಿರುವ ನಿಘಂಟು ಜೆಎಂಡಿಕ್ಟ್. ಆಸ್ಟ್ರೇಲಿಯಾದ ಜಿಮ್ ಬ್ರೀನ್ 1991ರಲ್ಲಿ ಆರಂಭಿಸಿದ ಕೆಲಸ ಬೆಳೆದು ಈಗ ಎರಡು ಲಕ್ಷಕ್ಕೂ ಹೆಚ್ಚು ನಮೂದುಗಳಾಗಿವೆ. ಮೂಲವನ್ನು ಹೆಸರಿಸಬೇಕು, ತಿದ್ದಿ ಹಂಚಿದರೆ ಅದೇ ಪರವಾನಗಿಯಲ್ಲಿ ಹಂಚಬೇಕು, ಅಷ್ಟೇ ಷರತ್ತು. ಇಂಥ ಔದಾರ್ಯದ ಮೇಲೆ ನಿಂತು ಕೆಲಸ ಮಾಡುವವರು ತಮ್ಮದನ್ನು ಮುಚ್ಚಿಡುವುದು ಸರಿಯಲ್ಲ.

ಹುಡುಕುವ ಕ್ರಮ ಸರಳ. ಬೆರಳಿಟ್ಟಲ್ಲಿಂದ ಒಂದಷ್ಟು ಅಕ್ಷರಗಳನ್ನು ತೆಗೆದುಕೊಂಡು ನಿಘಂಟಿನಲ್ಲಿ ನೋಡುತ್ತದೆ. ಸಿಗದಿದ್ದರೆ ಕೊನೆಯ ಅಕ್ಷರ ಬಿಟ್ಟು ಮತ್ತೆ ನೋಡುತ್ತದೆ. ಕೆಲಸವೆಲ್ಲ ಇರುವುದು ಕ್ರಿಯಾಪದಗಳಲ್ಲಿ. ನಿಘಂಟಿನಲ್ಲಿರುವುದು 'ತಬೆರು', ಅಂದರೆ ತಿನ್ನು. ಓದುವಾಗ ಸಿಗುವುದು 'ತಬೆಸಸೆರರೆತ', ಅಂದರೆ ಒತ್ತಾಯಕ್ಕೆ ತಿನ್ನಬೇಕಾಯಿತು. ಬಾಲದಿಂದ ಭೂತಕಾಲ, ಕರ್ಮಣಿ, ಪ್ರೇರಣಾರ್ಥಕ ಪ್ರತ್ಯಯಗಳನ್ನು ಒಂದೊಂದಾಗಿ ಕಳಚಿದರೆ 'ತಬೆರು' ಸಿಗುತ್ತದೆ. ಕಳಚಿದ್ದನ್ನೆಲ್ಲ ಅದೇ ಕ್ರಮದಲ್ಲಿ ತೋರಿಸುತ್ತೇನೆ. ಧಾತುವಿಗೆ ಪ್ರತ್ಯಯ ಹತ್ತುವುದನ್ನು ಶಾಲೆಯ ವ್ಯಾಕರಣದಲ್ಲೇ ಓದಿರುವ ನಮಗೆ ಇದು ಥಟ್ಟನೆ ಅರ್ಥವಾಗುತ್ತದೆ.

ಕಾಂಜಿ, ಅಂದರೆ ಅರ್ಥ ಸೂಚಿಸುವ ಚೀನೀ ಮೂಲದ ಅಕ್ಷರ, ಇಲ್ಲದೆ ಬರೀ ಉಚ್ಚಾರದಂತೆ ಬರೆದ 'ಕತ್ತ' ಮಾತ್ರ ಮೂರು ದಾರಿ ತೋರಿಸುತ್ತದೆ: ಕೊಂಡ, ಗೆದ್ದ, ಕೊಯ್ದ. ವಾಕ್ಯವನ್ನು ವಿಶ್ಲೇಷಿಸಿ ಒಂದನ್ನೇ ಆರಿಸಿಕೊಡುವ ಮೆಕಾಬ್‌ನಂಥ ತಂತ್ರಾಂಶಗಳಿವೆ. ನಾನು ಬೇಕೆಂದೇ ಮೂರನ್ನೂ ತೋರಿಸುತ್ತೇನೆ. ಹಿಂದುಮುಂದು ನೋಡಿ ಅರ್ಥ ನಿರ್ಧರಿಸುವುದೇ ಓದು. ಅದನ್ನು ಯಂತ್ರ ಮಾಡಿಬಿಟ್ಟರೆ ಕಲಿಯುವವರಿಗೆ ಏನು ಉಳಿಯಿತು?

ಕಾಂಜಿ ಬರೆಯುವ ಕ್ರಮಕ್ಕೆ ಕಾಂಜಿವಿಜಿ ಎಂಬ ಅಕ್ಷರಚಿತ್ರಗಳ ಸಂಗ್ರಹವಿದೆ. ಅದರಲ್ಲಿ ಪ್ರತಿ ಗೆರೆಯೂ ಬೇರೆ ಬೇರೆಯಾಗಿ, ಬರೆಯುವ ಅನುಕ್ರಮದಲ್ಲೇ ಇರುವುದರಿಂದ ವೆಬ್ ಪುಟಗಳ ರೂಪ ನಿರ್ಧರಿಸುವ ಸಿಎಸ್ಎಸ್‌ನ ನಾಲ್ಕು ಸಾಲಿನಲ್ಲಿ ಗೆರೆಗಳನ್ನು ಎಳೆದು ತೋರಿಸಬಹುದು.

ಸರ್ವರ್ ಇಟ್ಟುಕೊಂಡಿಲ್ಲ, ಖಾತೆ ತೆರೆಯಬೇಕಿಲ್ಲ. ನಿಘಂಟು ಒಮ್ಮೆ ಬ್ರೌಸರ್‌ನಲ್ಲಿ ಇಳಿದರೆ ನೆಟ್ ಇಲ್ಲದ ಬಸ್ಸಿನಲ್ಲೂ ಕೆಲಸ ಮಾಡುತ್ತದೆ. ತಿಂಗಳ ಬಾಡಿಗೆ ಕಟ್ಟಲಾಗದೆ ನಿಂತುಹೋದ ಒಳ್ಳೆಯ ಉಪಕರಣಗಳನ್ನು ಕಂಡಿದ್ದೇನೆ, ಹಾಗಾಗಿ ಈ ವಿಷಯದಲ್ಲಿ ನಾನು ಹಟಮಾರಿ. ಕಲಿತ ಪದಗಳ ಪುನರಾವರ್ತನೆಗೆ 2006ರಿಂದಲೂ ಆಂಕಿ ಎಂಬ ತಂತ್ರಾಂಶ ಇರುವಾಗ ಇನ್ನೊಂದನ್ನು ಬರೆಯುವ ಅಗತ್ಯವಿಲ್ಲ. ಗುರುತು ಹಾಕಿದ ಪದಗಳನ್ನು ಅದು ಓದಬಲ್ಲ ಕಡತವಾಗಿ ಕೊಡುತ್ತೇನೆ.

ಜೆಎಂಡಿಕ್ಟ್‌ನ ಅರ್ಥಗಳು ಮುಖ್ಯವಾಗಿ ಇಂಗ್ಲಿಷಿನಲ್ಲಿವೆ. ಕನ್ನಡದ ಅರ್ಥಗಳಿಗೆ ಪ್ರತ್ಯೇಕ ಕಡತವಿಟ್ಟಿದ್ದೇನೆ: ಒಂದು ಕಂಬಸಾಲಿನಲ್ಲಿ ನಮೂದಿನ ಸಂಖ್ಯೆ, ಇನ್ನೊಂದರಲ್ಲಿ ಅರ್ಥ. ಎಕ್ಸೆಲ್ ಬಲ್ಲವರು ಯಾರಾದರೂ ತುಂಬಬಹುದು, ಪ್ರೋಗ್ರಾಮಿಂಗ್ ತಿಳಿದಿರಬೇಕಿಲ್ಲ. ಯಂತ್ರಾನುವಾದ ಬೇಡ ಎಂಬುದೊಂದೇ ನಿಯಮ. ಸದ್ಯ ಆರಂಭಿಕ ಹಂತದ ಕ್ರಿಯಾಪದಗಳ ಕೆಲಸ ನಡೆದಿದೆ.