ಬೆಂಜ್ ಇ 220ರ ವೈರಿಂಗ್ ಅನ್ನು ನಾನೇ ಕಟ್ಟಿದ್ದು

ಮೂರು ಗ್ಯಾರೇಜುಗಳವರು ನೋಡಿ "ಕಂಪ್ಯೂಟರ್ ಹೋಗಿದೆ" ಎಂದು ಕೈಬಿಟ್ಟ ಕಾರು ಇದು. 1995ರ ಬೆಂಜ್ ಇ 220, ಡಬ್ಲ್ಯು 124 ಮಾದರಿ. ಪುಣೆಯಲ್ಲಿ ಬೆಂಜ್ ಜೋಡಣೆ ಶುರುವಾದ ವರ್ಷದ್ದು. ಚಿಕ್ಕಮಗಳೂರಿನ ಒಂದು ಕಾಫಿ ತೋಟದ ಮನೆಯಿಂದ 1.75 ಲಕ್ಷಕ್ಕೆ ತಂದೆ. ಈಗ ನಾನು ಕೈಯಾರೆ ಕಟ್ಟಿದ ಎಂಜಿನ್ ವೈರಿಂಗ್ ಮೇಲೆ ಅದು ಹತ್ತಿರ ಹತ್ತಿರ 26 ಸಾವಿರ ಕಿಲೋಮೀಟರ್ ಓಡಿದೆ. ದಾರಿಯಲ್ಲಿ ಒಮ್ಮೆಯೂ ನಿಂತಿಲ್ಲ. ಮೈಸೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಆಟೊ ಎಲೆಕ್ಟ್ರಿಷಿಯನ್ ಕೆಲಸ ಮಾಡುತ್ತಿರುವ ನನಗೆ ಇಷ್ಟು ಸಂತೋಷ ಕೊಟ್ಟ ಕೆಲಸ ಮತ್ತೊಂದಿಲ್ಲ.

ರೋಗ ಹೀಗಿತ್ತು. ಬೆಳಿಗ್ಗೆ ತಣ್ಣಗಿದ್ದಾಗ ಎಂಜಿನ್ ರೇಷ್ಮೆಯ ಹಾಗೆ ಓಡುತ್ತದೆ. ಇಪ್ಪತ್ತು ನಿಮಿಷ ಕಳೆದು ಬಾನೆಟ್ ಕಾದ ಮೇಲೆ ಮಿಸ್ಸಿಂಗ್ (ಎಂಜಿನ್ ಮುಗ್ಗರಿಸುವುದು), ಐಡ್ಲಿಂಗ್‌ನಲ್ಲಿ (ಗಾಡಿ ನಿಂತಿರುವಾಗಿನ ಓಟದಲ್ಲಿ) ಏರಿಳಿತ, ಸಿಗ್ನಲ್‌ನಲ್ಲಿ ಬಂದ್. ಅರ್ಧ ಗಂಟೆ ಬಿಟ್ಟರೆ ಮತ್ತೆ ಸರಿ. ಮಳೆಗಾಲದಲ್ಲಿ ಇನ್ನೂ ಕೆಟ್ಟದು.

ನಾನೂ ಮೊದಲು ಎಲ್ಲರಂತೆ ಬಿಡಿಭಾಗ ಬದಲಿಸುತ್ತಾ ಹೋದೆ. ಸ್ಪಾರ್ಕ್ ಪ್ಲಗ್, ಅದರ ವೈರ್, ಎರಡು ಕಾಯಿಲ್‌ಗಳಿಗೆ ಸುಮಾರು 12 ಸಾವಿರ. ಇಂಧನ ಪಂಪ್ 11 ಸಾವಿರ. ದೆಹಲಿಯಿಂದ ತರಿಸಿದ ಹಳೆಯ ಏರ್ ಮಾಸ್ ಸೆನ್ಸರ್ (ಎಂಜಿನ್‌ಗೆ ಹೋಗುವ ಗಾಳಿ ಅಳೆಯುವ ಭಾಗ) 14 ಸಾವಿರ. ಅದು ನನ್ನ ಹಳೆಯದಕ್ಕಿಂತ ಕೆಟ್ಟದಾಗಿತ್ತು. ದುಂಡು 38 ಪಿನ್ನಿನ ಸಾಕೆಟ್‌ನಿಂದ ಓದಿಸಿದ ದೋಷದ ಕೋಡ್ ಏರ್ ಮಾಸ್ ಎಂದೇ ತೋರಿಸಿತ್ತು, ಅದನ್ನು ನಂಬಿಬಿಟ್ಟೆ. ಒಟ್ಟು ಸುಮಾರು 37 ಸಾವಿರ ಹೋಯಿತು, ರೋಗ ಕೂದಲೆಳೆಯಷ್ಟೂ ಕದಲಲಿಲ್ಲ. ಇಷ್ಟಾದ ಮೇಲೆ ಒಬ್ಬರು ಬೇರೆ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಹಾಕಲು 1.2 ಲಕ್ಷ ಕೇಳಿದರು.

ಸತ್ಯ ಸಿಕ್ಕಿದ್ದು ಒಂದು ಭಾನುವಾರ, ಮಲ್ಟಿಮೀಟರ್‌ನಲ್ಲಿ. ಎಂಜಿನ್ ಚೆನ್ನಾಗಿ ಕಾಯಿಸಿ, ಆಫ್ ಮಾಡಿ, ಇಸಿಯು ಪ್ಲಗ್ ಎಳೆದು, ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ವೈರ್‌ಗಳ ನಡುವೆ ಅಳೆದೆ. ಮೀಟರ್ ಏನೂ ತೋರಿಸಬಾರದು. ನಾಲ್ಕೈದು ಕಿಲೋ ಓಮ್ ತೋರಿಸಿತು, ಅಂದರೆ ಎರಡರ ನಡುವೆ ಕರೆಂಟ್ ಸೋರುತ್ತಿತ್ತು. ಕೂಲಂಟ್ ಸೆನ್ಸರ್ ಅನ್ನು ನೇರವಾಗಿ ಅಳೆದರೆ 300 ಓಮ್ ಆಸುಪಾಸು, ಬಿಸಿ ಎಂಜಿನ್‌ಗೆ ಅದು ಸರಿ. ಅದನ್ನೇ ಇಸಿಯು ತುದಿಯಲ್ಲಿ ಅಳೆಯುತ್ತಾ ಲೂಮ್ (ವೈರ್‌ಗಳ ಕಟ್ಟು) ಅಲುಗಾಡಿಸಿದರೆ ಅಂಕಿ ಕುಣಿಯುತ್ತಿತ್ತು. ಕಪ್ಪು ಹೊದಿಕೆ ಸೀಳಿ ನೋಡಿದೆ. ಒಳಗಿನ ವೈರ್‌ಗಳ ಮೇಲಿನ ಇನ್ಸುಲೇಷನ್ ಹಳೆಯ ಹಪ್ಪಳದಂತೆ ಪುಡಿಯಾಗಿ ಉದುರಿತು. ಕೆಲವು ಕಡೆ ಬರೀ ತಾಮ್ರ. ತೊಂಬತ್ತರ ದಶಕದ ಮೊದಲ ಭಾಗದ ಬೆಂಜ್‌ಗಳಲ್ಲಿ, ಪರಿಸರಕ್ಕೆ ಒಳ್ಳೆಯದೆಂದು ಬಳಸಿದ ಈ ಇನ್ಸುಲೇಷನ್ ಎಂಜಿನ್ ಬಿಸಿಗೆ ಕಾಲಾಂತರದಲ್ಲಿ ಹೀಗೆ ಉದುರುತ್ತದೆ. ಇಸಿಯು ನಿರಪರಾಧಿ. ಪಾಪ, ಅದಕ್ಕೆ ಸುಳ್ಳು ಸುದ್ದಿ ತಲುಪುತ್ತಿತ್ತು.

ಹೊರದೇಶದಿಂದ ಹೊಸ ಲೂಮ್ ತರಿಸಲು, ಸುಂಕ ಸೇರಿ 85–90 ಸಾವಿರ ಎಂದರು. ಅಷ್ಟು ಕೊಡುವುದಿಲ್ಲ, ನಾನೇ ಕಟ್ಟುತ್ತೇನೆ ಎಂದೆ. ನನಗೆ ಕೆಲಸ ಕಲಿಸಿದ ಮೇಸ್ತ್ರಿಯೇ ತಲೆ ಅಲ್ಲಾಡಿಸಿದರು: "ಅಂಬಾಸಿಡರ್ ಆದರೆ ಕಟ್ಟಯ್ಯ. ಇದು ಕೈಯಲ್ಲಿ ಕಟ್ಟುವಂಥದ್ದಲ್ಲ."

ಮೊದಲ ಎರಡು ಸಲ ಅವರ ಮಾತೇ ನಿಜವಾಯಿತು. ಮೊದಲು ಕಾಣುವ ಕಡೆ ಮಾತ್ರ ಸ್ಲೀವ್ ಏರಿಸಿ ಟೇಪ್ ಸುತ್ತಿದೆ. ಮೂರು ವಾರ ಬಂತು. ಒಳಗಡೆ ಉಳಿದದ್ದು ಉದುರುತ್ತಲೇ ಇತ್ತು. ದಯವಿಟ್ಟು ಯಾರೂ ಈ ತೇಪೆ ಕೆಲಸಕ್ಕೆ ಕೈ ಹಾಕಬೇಡಿ. ಎರಡನೆಯ ಸಲ ಪೂರ್ತಿ ಹೊಸದಾಗಿ ಕಟ್ಟಿದೆ, ಆದರೆ ಮಾಮೂಲಿ ಪಿವಿಸಿ ವೈರ್ ಬಳಸಿದೆ, ಎಲ್ಲ ಕೂಡುಗಳಿಗೂ ಸೋಲ್ಡರ್ ಹಾಕಿದೆ. ಎರಡು ತಿಂಗಳಿಗೆ ಎಗ್ಸಾಸ್ಟ್ ಕಡೆಯ ವೈರ್‌ಗಳು ಮೆತ್ತಗಾದವು. ಇಂಧನ ಚಿಮ್ಮಿಸುವ ಮೂರನೆಯ ಇಂಜೆಕ್ಟರ್ ಹತ್ತಿರ, ಸೋಲ್ಡರ್ ಮುಗಿದು ಎಳೆಗಳು ಶುರುವಾಗುವ ಕಡೆಯೇ ಕಂಪನಕ್ಕೆ ವೈರ್ ತುಂಡಾಯಿತು. ಇನ್ನೂ ದೊಡ್ಡ ತಪ್ಪು ಎಂಜಿನ್ ತಿರುಗುವ ವೇಗ ಹೇಳುವ ಕ್ರ್ಯಾಂಕ್ ಸೆನ್ಸರ್‌ಗೆ ಶೀಲ್ಡ್ (ಅಡ್ಡ ಸಿಗ್ನಲ್ ತಡೆಯುವ ಲೋಹದ ಹೊದಿಕೆ) ಇಲ್ಲದ ವೈರ್ ಎಳೆದದ್ದು. ಆರ್‌ಪಿಎಂ ಮುಳ್ಳು ಹಾರಾಡುತ್ತಿತ್ತು, ಸ್ಟಾರ್ಟ್ ಆಗಲು ಹತ್ತು ಸೆಕೆಂಡ್ ತಿರುಗಿಸಬೇಕಿತ್ತು. ಎಂಟೂವರೆ ಸಾವಿರ ಮಣ್ಣುಪಾಲು.

ಮೂರನೆಯ ಸಲ ಅವಸರ ಬಿಟ್ಟೆ. ಎಂಟಡಿ ಪ್ಲೈವುಡ್ ಹಲಗೆಯ ಮೇಲೆ ಹಳೆಯ ಲೂಮ್ ಹಾಸಿ, ಪ್ರತಿ ಕವಲಿಗೂ ಮೊಳೆ ಹೊಡೆದು, ಪ್ರತಿ ವೈರ್‌ನ ಬಣ್ಣ, ದಪ್ಪ, ಉದ್ದ ಬರೆದೆ. ಇದಕ್ಕೇ ನಾಲ್ಕು ಭಾನುವಾರ ಹಿಡಿಯಿತು. ಮೇಲಿನಿಂದ ಕಾಣದ ಕೂಡುಗಳು ಲೂಮ್‌ನ ಹೊಟ್ಟೆಯಲ್ಲಿವೆ. ನಾಲ್ಕು ಇಂಜೆಕ್ಟರ್‌ಗಳ 12 ವೋಲ್ಟ್ ಒಂದೇ ಕಡೆ ಕೂಡುತ್ತದೆ. ಅವನ್ನು ಗುರುತಿಸದೆ ಕತ್ತರಿಸಿದರೆ ದೇವರೇ ಗತಿ. ವೈರ್ 150 ಡಿಗ್ರಿ ತಾಳುವಂಥದ್ದು, ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿಕ್ಕಿತು, ಸುಮಾರು 6,500 ರೂಪಾಯಿ. ಕ್ರ್ಯಾಂಕ್ ಸೆನ್ಸರ್‌ಗೆ ಮತ್ತು ಎಂಜಿನ್ನಿನ ಬಡಿತ ಗುರುತಿಸುವ ನಾಕ್ ಸೆನ್ಸರ್‌ಗೆ ಶೀಲ್ಡ್ ಇರುವ ಕೇಬಲ್. ಶೀಲ್ಡ್‌ಗೆ ಅರ್ಥ್ ಒಂದೇ ತುದಿಯಲ್ಲಿ. ಕೂಡುಗಳೆಲ್ಲ ಕ್ರಿಂಪಿಂಗ್, ಅಂದರೆ ಲೋಹದ ತುಣುಕನ್ನು ಒತ್ತಿ ಹಿಡಿಸಿದ್ದು, ಸೋಲ್ಡರ್ ಒಂದೂ ಇಲ್ಲ. ಒಳಗಿನ ಕೂಡುಗಳಿಗೆ ಎಣ್ಣೆ, ನೀರು ಇಳಿಯದಂತೆ ನಾನು ಮಾಡುವ ಮುಚ್ಚಿಗೆಯ ವಿಧಾನ ನನ್ನದೇ. ಅದನ್ನು ಇಲ್ಲಿ ಬರೆಯುವುದಿಲ್ಲ.

ಸೆನ್ಸರ್, ಇಂಜೆಕ್ಟರ್‌ಗಳಿಗೆ ಸಿಕ್ಕಿಸುವ ಪ್ಲಗ್‌ಗಳೊಳಗಿನ ಲೋಹದ ಟರ್ಮಿನಲ್‌ಗಾಗಿ ಬಹಳ ಅಲೆದೆ. ಜೆ.ಸಿ. ರಸ್ತೆಯಲ್ಲಿ "ಬೆಂಜ್‌ದು ಬೇಕು" ಎಂದರೆ ಕೌಂಟರಿನವರು ತಲೆ ಎತ್ತುವುದೇ ಇಲ್ಲ. ಕೊನೆಗೆ ಶಿವಾಜಿನಗರದ ಗುಜರಿಯಲ್ಲಿ ಒಬ್ಬ ಭಾಯ್ ನನ್ನ ಕೈಯಲ್ಲಿದ್ದ ಇಂಜೆಕ್ಟರ್ ಪ್ಲಗ್ ನೋಡಿ, ಹಳೆಯ ಓಪೆಲ್ ಆಸ್ಟ್ರಾದ ಲೂಮ್ ಎಳೆದುಕೊಟ್ಟರು. "ಇದೇ ಅಲ್ಲವೇ ಸಾಹೇಬರೇ?" ಅದೇ. ಬೆಂಜ್ ಹೆಸರಿನಲ್ಲಿ ಕೇಳಿದರೆ ಒಂದಕ್ಕೆ ಮೂರು ಪಟ್ಟು ಹಣ. ಅಂದಿನಿಂದ ಕಾರಿನ ಹೆಸರು ಹೇಳಿ ಯಾವ ಬಿಡಿಭಾಗವನ್ನೂ ಕೇಳಿಲ್ಲ. ನಂಬರ್ ಹಿಡಿದೇ ಕೇಳುತ್ತೇನೆ. ಬೆಂಜ್ ನಂಬರ್‌ನ ಮೊದಲ ಮೂರು ಅಂಕಿ 111 ಇದ್ದರೆ ಎಂಜಿನ್ ಕಡೆಯದು, 124 ಇದ್ದರೆ ಆ ಬಾಡಿಯದು. ಅದರಿಂದ ಮೂಲ ತಯಾರಕರ ನಂಬರ್ ಹುಡುಕಿ, ಬಾಷ್, ಹೆಲ್ಲಾ, ಲೆಮ್‌ಫರ್ಡರ್ ಎಂದು ಕೇಳಿದರೆ ಅದೇ ಮಾಲು ನಕ್ಷತ್ರದ ಗುರುತಿಲ್ಲದ ಡಬ್ಬಿಯಲ್ಲಿ ಬರುತ್ತದೆ.

ಎಂಜಿನ್ ಭಾಗಗಳಿಗೆ ಇನ್ನೊಂದು ದಾರಿ ಇದೆ. ಕೊರಿಯಾದ ಸಾಂಗ್‌ಯಾಂಗ್ ಕಂಪನಿ ಬೆಂಜ್ ಪರವಾನಗಿಯಲ್ಲಿ, ನನ್ನ ಕಾರಿನಲ್ಲಿರುವ ಎಂ 111 ಕುಟುಂಬದ ಪೆಟ್ರೋಲ್ ಎಂಜಿನ್ ತಯಾರಿಸಿ ಮುಸ್ಸೊ, ಕೊರಾಂಡೊ ಗಾಡಿಗಳಿಗೆ ಹಾಕಿತ್ತು. ನನ್ನ ಭಾವ ಶಾರ್ಜಾದಲ್ಲಿದ್ದಾರೆ. ಅಲ್ಲಿನ ಹಳೆಯ ಬಿಡಿಭಾಗಗಳ ಬಜಾರಿನಿಂದ ಅವರು ತಂದ ಥರ್ಮೋಸ್ಟಾಟ್ ಮತ್ತು ಎರಡು ಸೆನ್ಸರ್ ಬೆಂಜ್ ದರದ ಮೂರನೇ ಒಂದು ಭಾಗಕ್ಕೆ ಬಂದವು. ಎಲ್ಲ ಭಾಗವೂ ಹೊಂದುವುದಿಲ್ಲ. ಹಳೆಯದನ್ನು ಪಕ್ಕದಲ್ಲಿಟ್ಟು ಅಳೆದೇ ಕೊಳ್ಳಬೇಕು. ಚೆನ್ನೈನ ಪುದುಪೇಟೆಯಲ್ಲೂ ನನಗೆ ಪರಿಚಯದ ಅಂಗಡಿಯವರು ಒಬ್ಬರು ಇದ್ದಾರೆ, ಅವರ ಅಂಗಡಿಯ ಗುರುತು ನನ್ನ ಬಳಿಯೇ ಇರಲಿ.

ರಬ್ಬರ್ ವಿಷಯದಲ್ಲಿ ಮಾತ್ರ ಉಳಿತಾಯಕ್ಕೆ ಹೋಗಬಾರದು ಎಂಬುದನ್ನು ಹಣ ಕೊಟ್ಟು ಕಲಿತೆ. ಮುಂದಿನ ಚಕ್ರಗಳ ಲೋಯರ್ ಆರ್ಮ್‌ನ ರಬ್ಬರ್ ಬುಷ್‌ಗಳನ್ನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಅಚ್ಚು ಮಾಡಿಸಿದೆ, 2,800 ರೂಪಾಯಿಗೆ. ನೋಡಲು ಬಹಳ ಚೆನ್ನಾಗಿದ್ದವು. ಆದರೆ ರಬ್ಬರ್ ಗಟ್ಟಿ. ಆ ಕಾರಿನ ಹೆಮ್ಮೆಯೇ ಹಳ್ಳ ದಿಣ್ಣೆಯನ್ನು ನುಂಗುವ ಗುಣ; ಅದು ಎತ್ತಿನ ಗಾಡಿಯಂತಾಯಿತು. ತಿಂಗಳೊಳಗೆ ಕಿತ್ತು ಲೆಮ್‌ಫರ್ಡರ್ ಹಾಕಿದೆ.

ಬೇಸರ ಕಳೆಯಲು ನಡುವೆ ಬಾಗಿಲುಗಳ ಲಾಕ್ ಹಿಡಿದೆ. ಇದರ ಸೆಂಟ್ರಲ್ ಲಾಕ್ ಓಡುವುದು ಗಾಳಿಯ ಮೇಲೆ, ಪಂಪ್ ಹಿಂದಿನ ಸೀಟಿನ ಕೆಳಗೆ. ಎಲ್ಲೋ ಸೋರುತ್ತಿತ್ತು, ಪಂಪ್ ನಿಲ್ಲದೆ ಗುಂಯ್‌ಗುಡುತ್ತಿತ್ತು. ಮನೆಯಲ್ಲಿದ್ದ ಬಿ.ಪಿ. ನೋಡುವ ಉಪಕರಣದ ಗಾಳಿ ಒತ್ತುವ ರಬ್ಬರ್ ಬುರುಡೆ ಮತ್ತು ಒತ್ತಡ ತೋರಿಸುವ ಗಡಿಯಾರವನ್ನು ಒಂದೊಂದು ಬಾಗಿಲಿನ ಕೊಳವೆಗೂ ಸಿಕ್ಕಿಸಿ ಗಾಳಿ ಒತ್ತಿದೆ. ಮೂರು ಬಾಗಿಲಲ್ಲಿ ಮುಳ್ಳು ನಿಂತಿತು, ಎಡ ಹಿಂಬಾಗಿಲಲ್ಲಿ ಇಳಿಯಿತು. ಅದರ ಡಯಾಫ್ರಾಮ್ ಹರಿದಿತ್ತು. ಖರ್ಚು 350 ರೂಪಾಯಿ. ಕಂಪನಿಯ ಗ್ಯಾರೇಜಿನಲ್ಲಿ ಇಡೀ ಪಂಪ್ ಬದಲಿಸಬೇಕು ಎಂದಿದ್ದರು.

ಮತ್ತೆ ವೈರಿಂಗ್‌ಗೆ. ಹೊಸ ಲೂಮ್ ಹಾಕಿದ ಮೇಲೂ ಐಡ್ಲಿಂಗ್ ಸ್ವಲ್ಪ ಏರಿಳಿಯುತ್ತಿತ್ತು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಹೊಳೆಯಿತು: ಥ್ರಾಟಲ್ ಆಕ್ಚುಯೇಟರ್‌ನಿಂದ (ಎಂಜಿನ್‌ಗೆ ಗಾಳಿ ಬಿಡುವ ಬಾಗಿಲನ್ನು ತಿರುಗಿಸುವ ಭಾಗ) ಹೊರಡುವ ಬಾಲದ ವೈರೂ ಅದೇ ಕಾಲದ್ದು, ಅದೇ ಇನ್ಸುಲೇಷನ್. ಅದನ್ನು ಬಿಚ್ಚುವಂತೆ ಮಾಡಿಲ್ಲ. ಬಿಚ್ಚಿದೆ. ಮುಚ್ಚಳ ಒಡೆಯದೆ ಹೇಗೆ ತೆಗೆಯುವುದು ಎಂಬುದನ್ನು ನನ್ನ ಗ್ಯಾರೇಜಿಗೆ ಬಂದವರಿಗೆ ತೋರಿಸಬಲ್ಲೆ. ಒಳಗಿನ ವೈರ್‌ಗಳೂ ಪುಡಿ. ಲೂಮ್ ಬದಲಿಸಿ ಇದನ್ನು ಬಿಟ್ಟವರು ಹೊಸ ಲೂಮ್‌ನ ಮೇಲೆ ತಪ್ಪು ಹೊರಿಸುತ್ತಾರೆ.

ಆ ಸಂಜೆ ಐಡ್ಲಿಂಗ್‌ನಲ್ಲಿದ್ದ ಎಂಜಿನ್ ಮೇಲೆ ನೀರು ತುಂಬಿದ ಸ್ಟೀಲ್ ಲೋಟ ಇಟ್ಟೆ. ನೀರಿನ ಮೇಲೆ ಸಣ್ಣ ನಡುಕ, ಅಷ್ಟೇ. ಮೇಸ್ತ್ರಿಯವರನ್ನು ಕರೆದು ತೋರಿಸಿದೆ. ಅವರು ಬಾನೆಟ್ ಪಕ್ಕ ಹತ್ತು ನಿಮಿಷ ಮಾತಿಲ್ಲದೆ ನಿಂತು, "ಘಾಟಿ ಹತ್ತಿಸಿ ಬಾ, ಆಮೇಲೆ ಹೇಳುತ್ತೇನೆ" ಎಂದರು. ಏಪ್ರಿಲ್ ಬಿಸಿಲಿನಲ್ಲಿ, ಎ.ಸಿ. ಹಾಕಿಕೊಂಡು, ಚಾರ್ಮಾಡಿ ಘಾಟಿಯನ್ನು ಕೆಳಗಿನಿಂದ ಕೊಟ್ಟಿಗೆಹಾರದವರೆಗೆ ಎರಡು ಸಲ ಹತ್ತಿಸಿದೆ. ಲಾರಿಗಳ ಹಿಂದೆ ಮೊದಲ ಗೇರಿನಲ್ಲಿ ತೆವಳಿದ್ದೇ ಹೆಚ್ಚು. ಒಂದು ಮಿಸ್ಸಿಂಗ್ ಇಲ್ಲ. ಹೊಗೆ ತಪಾಸಣೆಯಲ್ಲಿ ಮೊದಲು ಶೇ 3ರ ಮಿತಿ ದಾಟುತ್ತಿದ್ದ ಸಿಒ (ಕಾರ್ಬನ್ ಮಾನಾಕ್ಸೈಡ್) ಈಗ ಅರ್ಧಕ್ಕೂ ಕೆಳಗೆ.

ಮೂರನೆಯ ಲೂಮ್‌ಗೆ ನನಗೆ ತಗುಲಿದ್ದು 17–18 ಸಾವಿರ, ಮತ್ತು ಹನ್ನೊಂದು ಭಾನುವಾರ. ಮೊಳೆ ಹೊಡೆದ ಹಲಗೆಯನ್ನು ಗೋಡೆಗೆ ಒರಗಿಸಿ ಇಟ್ಟಿದ್ದೇನೆ. ಹೋದ ತಿಂಗಳು ಕೊಡಗಿನಿಂದ ಇನ್ನೊಂದು ಇ 220 ಟ್ರಕ್ ಮೇಲೆ ಬಂದು ಇಳಿದಿದೆ, ಅದಕ್ಕೂ "ಕಂಪ್ಯೂಟರ್ ಹೋಗಿದೆ"ಯಂತೆ. ಅದನ್ನು ಕಳುಹಿಸಿದವರು ನನ್ನ ಮೇಸ್ತ್ರಿ.