ಟ್ರಕ್ಕಿನ ಹಲಗೆ ಕಿತ್ತು ಬಿಸಾಡುವ ಮೊದಲು ಚುಚ್ಚಿ ನೋಡಿ

ಬಿಸಿಲು ಮಳೆಗೆ ಬೂದಿ ಬಣ್ಣಕ್ಕೆ ತಿರುಗಿದ, ಟ್ರಕ್ಕಿನಲ್ಲಿ ಸಾಮಾನು ಹೇರುವ ತಳದ ಹಲಗೆ ನೋಡಿದ ಕೂಡಲೇ ಎಲ್ಲರೂ ಹೇಳೋದು ಒಂದೇ ಮಾತು: ಕಿತ್ತು ಹೊಸದು ಹಾಕಿಸಿ. ಸ್ವಲ್ಪ ತಡೀರಿ. ಆ ಬೂದು ಇರೋದು ಮೇಲಿನ ತೆಳು ಪದರದಲ್ಲಿ ಮಾತ್ರ. ಮರದ ನಾರನ್ನು ಅಂಟಿನ ಹಾಗೆ ಹಿಡಿದಿಡುವ ಲಿಗ್ನಿನ್ ಬಿಸಿಲಿಗೆ ಒಡೆಯುತ್ತದೆ, ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ, ಬಿಳಚಿದ ನಾರಷ್ಟೇ ಉಳಿಯುತ್ತದೆ. ಕೆಳಗಿನ ಮರ ಎಷ್ಟೋ ಸಲ ಗಟ್ಟಿಯಾಗೇ ಇರುತ್ತದೆ.

ಇದೆಯೋ ಇಲ್ಲವೋ ಅಂತ ತಿಳಿಯೋಕೆ ಒಂದು ಚೂಪಾದ ಸ್ಕ್ರೂಡ್ರೈವರ್ ಸಾಕು. ಹಲಗೆಯ ನಡುವೆ ಚುಚ್ಚಿ ಖುಷಿಪಡಬೇಡಿ. ಬೋಲ್ಟಿನ ಸುತ್ತ, ಹಲಗೆಯ ತುದಿಯಲ್ಲಿ, ಕೆಳಗಿನ ಅಡ್ಡಪಟ್ಟಿ ತಾಗುವ ಜಾಗದಲ್ಲಿ ಚುಚ್ಚಿ; ನೀರು ನಿಲ್ಲೋದು ಅಲ್ಲೇ. ಒಳ್ಳೆ ಮರವಾದರೆ ಮೊನೆ ಒಳಗೆ ಇಳಿಯಲ್ಲ, ಮೀಟಿದರೆ ಉದ್ದನೆ ಸಿಬಿರು ಎದ್ದು ಪಟಕ್ಕನೆ ಮುರಿಯುತ್ತದೆ. ಲಡ್ಡಾದ ಮರದಲ್ಲಿ ಸದ್ದೇ ಇಲ್ಲ, ಒದ್ದೆ ರಟ್ಟಿಗೆ ಚುಚ್ಚಿದ ಹಾಗೆ ಇಳಿದು ಪುಡಿಪುಡಿಯಾಗಿ ಬರುತ್ತದೆ. ಅಂಥ ಹಲಗೆಯನ್ನು ಮಾತ್ರ ಬದಲಾಯಿಸಿ.

ಹಲಗೆ ಬಿಚ್ಚುವ ಮುಂಚೆ ಒಂದು ಫೋಟೊ ತೆಗೆಯಿರಿ, ಬಿಚ್ಚುತ್ತಾ ಅಡಿಭಾಗದಲ್ಲಿ ನಂಬರ್ ಬರೆಯಿರಿ. ಬೋಲ್ಟು ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಿ. ಇವು ಗುಂಡು ತಲೆಯ ಬೋಲ್ಟುಗಳಾದರೆ ತಲೆಯ ಕೆಳಗಿನ ಚೌಕ ಕತ್ತು ಮರವನ್ನು ಕಚ್ಚಿಕೊಂಡಿರುತ್ತದೆ. ಮರ ಲಡ್ಡಾಗಿದ್ದರೆ ನಟ್ಟಿನ ಜೊತೆ ಬೋಲ್ಟೂ ತಿರುಗುತ್ತಲೇ ಇರುತ್ತದೆ. ಆಗ ಗ್ರೈಂಡರ್‌ನಿಂದ ಕತ್ತರಿಸೋದೇ ದಾರಿ, ಆದರೆ ಕಿಡಿ ಹಾರುವ ಕಡೆ ಇಂಧನದ ಟ್ಯಾಂಕು, ಪೈಪು ಇಲ್ಲ ಅಂತ ಮೊದಲು ನೋಡಿಕೊಳ್ಳಿ.

ತೊಳೆಯೋಕೆ ಸೋಪಿನ ನೀರು, ಗಟ್ಟಿ ಬ್ರಷ್ ಸಾಕು. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಮೆತ್ತಗಿನ ನಾರೆಲ್ಲ ಕಿತ್ತು ಬಂದು ಹಲಗೆ ಉಳುಮೆ ಮಾಡಿದ ಹೊಲದಂತಾಗುತ್ತದೆ. ಬೋಲ್ಟಿನ ಸುತ್ತ ಕಪ್ಪು ಕಲೆ ಇದ್ದರೆ ಅದು ಕಬ್ಬಿಣ ಮತ್ತು ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಸೇರಿ ಆದದ್ದು, ಎಷ್ಟು ಉಜ್ಜಿದರೂ ಹೋಗಲ್ಲ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಲೀಟರ್ ಬಿಸಿನೀರಿಗೆ ಸುಮಾರು 50 ಗ್ರಾಂ ಆಕ್ಸಾಲಿಕ್ ಆಸಿಡ್ ಕರಗಿಸಿ ಹಚ್ಚಿ, 20 ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ. ಇದು ವಿಷ. ಕೈಗವಸು, ಕನ್ನಡಕ ಬೇಕೇ ಬೇಕು. ಪೂರ್ತಿ ತೊಳೆದುಹೋಗದೆ ಒಣಗಿದರೆ ಆಮೇಲೆ ಉಜ್ಜುವಾಗ ಅದರ ಪುಡಿ ಮೂಗಿಗೆ ಹೋಗುತ್ತದೆ.

ಎರಡು ಮೂರು ದಿನ ನೆರಳಲ್ಲಿ ಒಣಗಲಿ. ಆಮೇಲೆ ಮಾಸ್ಕ್ ಹಾಕಿಕೊಂಡು 60ನೇ ನಂಬರಿನ ಸ್ಯಾಂಡ್ ಪೇಪರ್‌ನಿಂದ ಉಜ್ಜಿ, ನಂತರ 80ರದ್ದು. ಅಷ್ಟಕ್ಕೇ ನಿಲ್ಲಿಸಿ. ಇದು ಊಟದ ಮೇಜಲ್ಲ ಅಲ್ವಾ? ಜಾಸ್ತಿ ನುಣುಪಾದರೆ ಎಣ್ಣೆ ಇಳಿಯೋದೂ ಕಡಿಮೆ, ಸಾಮಾನು ಜಾರೋದು ಬೇರೆ.

ನಾನು ಮೊದಲ ಸಲ ಇಲ್ಲೇ ಎಡವಿದ್ದು. ಹೊಳೀಲಿ ಅಂತ ವಾರ್ನಿಷ್ ಬಳಿದೆ. ಮೊದಲ ಲೋಡಿಗೇ ಗೀರು ಬಿತ್ತು, ಗೀರಿನೊಳಗೆ ನೀರು ಹೋಯಿತು, ಹೊರಬರೋಕೆ ದಾರಿಯಿಲ್ಲದೆ ಒಂದೇ ಮಳೆಗಾಲದಲ್ಲಿ ಹಾವಿನ ಪೊರೆಯ ಹಾಗೆ ಎದ್ದು ಬಂತು. ಅದನ್ನು ಕೆರೆದು ತೆಗೆಯೋಕೆ ಪಟ್ಟ ಪಾಡು ಬೇಡ. ಎಣ್ಣೆಗೆ ಈ ರಗಳೆ ಇಲ್ಲ. ಸವೆದ ಕಡೆ ಇನ್ನೊಂದು ಕೈ ಹಚ್ಚಿದರಾಯಿತು.

ಬಾಯ್ಲ್ಡ್ ಲಿನ್ಸೀಡ್ ಆಯಿಲ್, ಅಂದರೆ ಬೇಗ ಒಣಗುವಂತೆ ಮಾಡಿದ ಅಗಸೆ ಎಣ್ಣೆಯೇ ಬೇಕು, ಹಸಿ ಎಣ್ಣೆ ವಾರಗಟ್ಟಲೆ ಅಂಟಂಟಾಗಿಯೇ ಇರುತ್ತದೆ. ಮೊದಲ ಸಲ ಹಚ್ಚುವಾಗ ಎಣ್ಣೆ ಎಷ್ಟೋ ಅಷ್ಟೇ ಅಳತೆಯ ಟರ್ಪೆಂಟೈನ್ ಬೆರೆಸಿ. ಹಲಗೆಯ ಅಡಿಗೂ ಹಚ್ಚಿ, ಕೊಯ್ದ ತುದಿಗಳಿಗಂತೂ ಕುಡಿದಷ್ಟು ಕುಡಿಸಿ. ಅರ್ಧ ಗಂಟೆ ಬಿಟ್ಟು ಮೇಲೆ ನಿಂತದ್ದನ್ನು ಒರೆಸಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದೀರಿ ಜೋಕೆ, ಈ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿಕೊಂಡು ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರವಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಮುಳುಗಿಸಿಡಿ. ಮೊದಲಿನದು ಪೂರ್ತಿ ಒಣಗಿದ ಮೇಲೆ ಇನ್ನೆರಡು ಸಲ, ತೆಳ್ಳಗೆ.

ವಾಪಸ್ ಕೂರಿಸುವಾಗ ಹಲಗೆಗಳ ನಡುವೆ 3ರಿಂದ 5 ಮಿಲಿಮೀಟರ್ ಸಂದು ಬಿಡಿ, ಮರ ಉಬ್ಬೋಕೂ ನೀರು ಇಳಿಯೋಕೂ ಅದು ಬೇಕು. ಬೋಲ್ಟು ಸತು ಲೇಪಿಸಿದ್ದು ಅಥವಾ ಸ್ಟೇನ್‌ಲೆಸ್ ಇರಲಿ. ಆಮೇಲೆ ಆಗಾಗ ಒಂದು ಚೊಂಬು ನೀರು ಚಿಮುಕಿಸಿ ನೋಡಿ: ಹನಿ ದುಂಡಗೆ ನಿಂತರೆ ಸುಮ್ನೆ ಬಿಡಿ, ಹೀರಿಕೊಂಡು ಮರ ಕಪ್ಪಾದರೆ ಎಣ್ಣೆ ಡಬ್ಬಿ ಹುಡುಕಿ.