ಎಂಮ್ಯಾಪ್ ಮಾಡಿದ ಡಿಎಂಎ ಬಫರ್‌ನಲ್ಲಿ ಹಳೆಯ ಡೇಟಾ: ಸರಿಹೋದ ಬಗೆ

ಡಿಎಂಎ ಬಫರ್ ಎಂದರೆ ಸಾಧನ ಸಿಪಿಯು ಮೂಲಕ ಹೋಗದೆ ನೇರವಾಗಿ ಬರೆಯುವ ಮೆಮೊರಿ; ಎಂಮ್ಯಾಪ್ ಅದನ್ನು ಯೂಸರ್ ಪ್ರೋಗ್ರಾಂನ ವಿಳಾಸಗಳಿಗೆ ಜೋಡಿಸುತ್ತದೆ. ಸಾಧನ ಬರೆದ ಹೊಸ ಡೇಟಾ ಲಿನಕ್ಸ್ ಕರ್ನಲ್‌ಗೆ ಕಾಣುತ್ತಿತ್ತು, ಯೂಸರ್ ಪ್ರೋಗ್ರಾಂಗೆ ಆಗಾಗ ಹಳೆಯದೇ ಸಿಗುತ್ತಿತ್ತು. ಇದು ಆರ್ಮ್ ಬೋರ್ಡ್‌ನಲ್ಲಿ ಮಾತ್ರ, ಎಕ್ಸ್86ನಲ್ಲಿ ಇಲ್ಲ.

ಪ್ರತಿ ಸಲ ಮೆಮೊರಿಯಿಂದಲೇ ಓದುವಂತೆ ಕಂಪೈಲರ್‌ಗೆ ಹೇಳುವ ವೊಲಟೈಲ್, ಓದು-ಬರಹದ ಕ್ರಮ ಕಾಯುವ ಬ್ಯಾರಿಯರ್, ಮ್ಯಾಪ್ ಮಾಡಿದ ಫೈಲ್ ಅನ್ನು ಸಿಂಕ್ ಮಾಡುವ ಎಂಸಿಂಕ್ ಯಾವುದೂ ಫಲಿಸಲಿಲ್ಲ. ಕಾರಣ ಇದು: ಕರ್ನಲ್ ಅನ್‌ಕ್ಯಾಶ್ಡ್ ಆಗಿ (ಸಿಪಿಯು ಕ್ಯಾಶ್ ಬಳಸದಂತೆ) ಮ್ಯಾಪ್ ಮಾಡಿದ್ದ ಪುಟಗಳನ್ನೇ ಡ್ರೈವರ್ ರೀಮ್ಯಾಪ್_ಪಿಎಫ್‌ಎನ್_ರೇಂಜ್ ಎಂಬ ಕರ್ನಲ್ ಫಂಕ್ಷನ್ ಮೂಲಕ ಕ್ಯಾಶ್ ಆಗುವಂತೆ ಯೂಸರ್‌ಗೆ ಕೊಡುತ್ತಿತ್ತು. ಹಾಗಾಗಿ ಯೂಸರ್ ಪ್ರೋಗ್ರಾಂ ಓದುತ್ತಿದ್ದುದು ಕ್ಯಾಶ್‌ನಲ್ಲಿ ಉಳಿದ ಹಳೆಯ ಪ್ರತಿಯನ್ನು.

ಡಿವೈಸ್, ಸಿಪಿಯು ವಿಳಾಸ, ಡಿಎಂಎ ವಿಳಾಸ, ಗಾತ್ರ ನಾಲ್ಕನ್ನೂ ಒಂದೇ ಸ್ಟ್ರಕ್ಟ್‌ನಲ್ಲಿಟ್ಟು, ಹಂಚಿಕೆ, ಮ್ಯಾಪಿಂಗ್, ಬಿಡುಗಡೆ ಮೂರನ್ನೂ ಅದರ ಫಂಕ್ಷನ್‌ಗಳಿಗೇ ಬಿಟ್ಟೆ. ಎಂಮ್ಯಾಪ್ ಹ್ಯಾಂಡ್ಲರ್ ಈಗ ಡಿಎಂಎ_ಎಂಮ್ಯಾಪ್_ಕೊಹೆರೆಂಟ್ ಅನ್ನಷ್ಟೇ ಕರೆಯುತ್ತದೆ. ಪೇಜ್ ಪ್ರೊಟೆಕ್ಷನ್ (ಪುಟ ಕ್ಯಾಶ್ ಆಗಬೇಕೇ ಎಂಬುದೂ ಸೇರಿದ ಸೆಟ್ಟಿಂಗ್) ಅದೇ ಹೊಂದಿಸುತ್ತದೆ, ನೀವು ಮುಟ್ಟಬೇಡಿ. ಆಫ್‌ಸೆಟ್‌ನಿಂದ ಬಫರ್ ಆರಿಸುವುದಾದರೆ, ಆರಿಸಿದ ಕೂಡಲೇ ವಿಎಂ_ಪಿಜಿಆಫ್ (ಯೂಸರ್ ಕೊಟ್ಟ ಆಫ್‌ಸೆಟ್ ಪುಟಗಳ ಲೆಕ್ಕದಲ್ಲಿ ಇರುವ ಫೀಲ್ಡ್) ಅನ್ನು 0 ಮಾಡಿ. ಇಲ್ಲವಾದರೆ ಅದು ಬಫರ್ ಒಳಗಿನ ಆಫ್‌ಸೆಟ್ ಎಂದೇ ಲೆಕ್ಕಕ್ಕೆ ಬಂದು ಇಎನ್‌ಎಕ್ಸ್‌ಐಒ (ಅಂಥ ಸಾಧನ ಅಥವಾ ವಿಳಾಸ ಇಲ್ಲ) ದೋಷ ಎದುರಾಗುತ್ತದೆ.